ಜೂನ್‌ಗೆ ಬಾ, ಮಾರ್ಚ್‌ಗೆ ಹೋಗು: ಇನ್ನು ಸಾಕು

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ತಂದೆತಾಯಂದಿರಲ್ಲಿ, ಎಸ್‌ಡಿಎಂಸಿ ಮತ್ತು ಗ್ರಾಮ ಪಂಚಾಯಿತಿ ಸದಸ್ಯರಲ್ಲಿ ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕರ ಮನವಿ



ಬಸ್‌ಸ್ಟ್ಯಾಂಡಿನಲ್ಲಿ ಕೈಗೆ ಬಂದ ಈ ಕಾಗದವನ್ನು ಮಂಡಕ್ಕಿ ಕಟ್ಟೋಕೆ ಇಟ್ಟುಕೊಳ್ಳುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹೇಳಿ. ನಿಮ್ಮೂರ ಸರ್ಕಾರಿ ಶಾಲೆಯಲ್ಲಿ ನಿಮ್ಮ ಮಗುವಿಗೆ ಗಣಿತ ಹೇಳಿಕೊಡುವವರು ಯಾರು? ಹೋದ ವರ್ಷವೂ ಅವರೇ ಇದ್ದರಾ? ಬರುವ ಜೂನ್‌ಗೂ ಅವರೇ ಇರುತ್ತಾರಾ? ಗೊತ್ತಿಲ್ಲದಿದ್ದರೆ ಮಗುವನ್ನೇ ಕೇಳಿ, "ಗೆಸ್ಟ್ ಟೀಚರ್" ಅನ್ನುತ್ತದೆ. ನಮ್ಮ ಗೊಲ್ಲರಹಟ್ಟಿಗಳಲ್ಲಿ, ನಾಯಕರ ಹಟ್ಟಿಗಳಲ್ಲಿ, ತಾಂಡಾಗಳಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡ ಊರುಗಳಲ್ಲಿ ಮಕ್ಕಳಿಗೆ ಈ ಮಾತು ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿದೆ.

ಆ ಗೆಸ್ಟ್ ಟೀಚರ್‌ಗಳು ನಾವೇ. ಡಿ.ಇಡಿ, ಬಿ.ಇಡಿ ಓದಿ, ಟಿಇಟಿ ಬರೆದು, ಅಂಕಪಟ್ಟಿಗಳ ಜೆರಾಕ್ಸ್ ಹಿಡಿದು ಹೆಡ್‌ಮಾಸ್ತರರ ಟೇಬಲ್ ಮುಂದೆ ನಿಂತು ಕೆಲಸ ಹಿಡಿದವರು. ಕಷ್ಟ ಹೇಳಿಕೊಂಡು ನಿಮ್ಮ ಕನಿಕರ ಗಿಟ್ಟಿಸಲು ಇದನ್ನು ಅಚ್ಚು ಹಾಕಿಸಿಲ್ಲ. ಕನಿಕರ ನಮಗೆ ಬೇಕಾದಷ್ಟು ಸಿಕ್ಕಿದೆ, ಕಿರಾಣಿ ಅಂಗಡಿಯವರು ಅದನ್ನು ತಗೊಳ್ಳಲ್ಲ. ಹೇಳಬೇಕಾದ್ದು ಇಷ್ಟು: ತಿಂಗಳಿಗೆ ಸರಿಯಾಗಿ ಸಂಬಳ ಕಾಣದ, ಬರುವ ವರ್ಷ ಇದೇ ಬೋರ್ಡಿನ ಮುಂದೆ ನಿಂತಿರುತ್ತೇನೋ ಇಲ್ಲವೋ ಗೊತ್ತಿಲ್ಲದ ಮೇಷ್ಟ್ರು ಕಲಿಸುವ ಶಾಲೆಯಲ್ಲಿ ಕೊನೆಗೆ ಕಳಕೊಳ್ಳುವುದು ನಿಮ್ಮ ಮಗು. ಆದ್ದರಿಂದ ಈ ಜಗಳಕ್ಕೆ ನೀವೂ ಇಳಿಯಬೇಕು.

ದುಡ್ಡಿನ ಲೆಕ್ಕ ಮೊದಲು

ಸಂಬಳ ಅನ್ನುವ ಮಾತನ್ನು ಸರ್ಕಾರ ಬಳಸುವುದಿಲ್ಲ, ಗೌರವಧನ ಅನ್ನುತ್ತದೆ. 2025ರ ಮಾರ್ಚ್ ಬಜೆಟ್ಟಿನಲ್ಲಿ ಅದನ್ನು 2,000 ರೂಪಾಯಿ ಏರಿಸಿದರು. ಪ್ರಾಥಮಿಕ ಶಾಲೆಯಲ್ಲಿ 10,000 ಇದ್ದದ್ದು 12,000 ಆಯಿತು, ಹೈಸ್ಕೂಲಿನಲ್ಲಿ 10,500 ಇದ್ದದ್ದು 12,500 ಆಯಿತು. ಏರಿಸಿದ್ದನ್ನು ಇಲ್ಲ ಅನ್ನುವುದಿಲ್ಲ, ನೆನೆಯುತ್ತೇವೆ. ಈಗ ಲೆಕ್ಕ ನೋಡಿ. ವರ್ಷಕ್ಕೆ ಹತ್ತು ತಿಂಗಳು ಹಿಡಿದರೆ ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಸಿಗುವುದು 1,20,000 ರೂಪಾಯಿ. 365 ದಿನಕ್ಕೆ ಹಂಚಿದರೆ ದಿನಕ್ಕೆ 329. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ದಿನಗೂಲಿ 370. ಕೆಲಸ ಮಾಡಿದ ತಿಂಗಳಿಗೆ 26 ದಿನ ಹಿಡಿದು ಲೆಕ್ಕ ಹಾಕಿದರೆ 462 ಆಗುತ್ತದೆ ಎಂದು ಯಾರಾದರೂ ಹೇಳಬಹುದು, ನಿಜ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಮನೆಯವರು ಊಟ ಬಿಡುವುದಿಲ್ಲವಲ್ಲ. ನರೇಗಾ ಕೂಲಿ ಹೆಚ್ಚಾಯಿತು ಎಂಬುದೂ ನಮ್ಮ ಮಾತಲ್ಲ. ನಮ್ಮ ಸೀಮೆಯ ಬಿಸಿಲಲ್ಲಿ ಮಣ್ಣು ಹೊರುವವರಿಗೆ ಅದೂ ಕಮ್ಮಿಯೇ. 7ನೇ ವೇತನ ಆಯೋಗ ಜಾರಿಯಾದ ಮೇಲೆ ರಾಜ್ಯ ಸರ್ಕಾರದ ತೀರಾ ಕೆಳಗಿನ ಹುದ್ದೆಯ ಮೂಲ ವೇತನವೇ 27,000. ಅದನ್ನು ಪಡೆಯುವ ಜವಾನಣ್ಣನ ಮೇಲೂ ನಮಗೆ ಹೊಟ್ಟೆಕಿಚ್ಚಿಲ್ಲ. ಐದನೇ ಕ್ಲಾಸಿಗೆ ಪಾಠ ಮಾಡುವವರು ಅದರ ಅರ್ಧದಷ್ಟೂ ಅಲ್ಲ ಎಂದು ಯಾರು ಯಾವಾಗ ತೀರ್ಮಾನ ಮಾಡಿದರು ಅಂತ ಕೇಳುತ್ತಿದ್ದೇವೆ.

ಇಷ್ಟೂ ದುಡ್ಡು ಕೈಗೆ ಬಂದರೆ ತಾನೇ. ಅನುದಾನ ಬೆಂಗಳೂರಿನಿಂದ ಕಂತುಕಂತಾಗಿ ಬಿಡುಗಡೆಯಾಗಬೇಕು, ಜಿಲ್ಲೆಗೆ ಬರಬೇಕು, ಅಲ್ಲಿಂದ ತಾಲ್ಲೂಕಿಗೆ ಇಳಿಯಬೇಕು, ಶಾಲೆಯಿಂದ ಹಾಜರಾತಿ ಪತ್ರ ಹೋಗಬೇಕು, ಬಿಲ್ಲು ಖಜಾನೆ ದಾಟಬೇಕು. ನಡುವೆ ಎಲ್ಲಾದರೂ ಒಂದು ಕಾಗದ ಮಲಗಿತೋ, ಜುಲೈ ತಿಂಗಳ ದುಡ್ಡಿಗೆ ದಸರಾ ದಾಟಬೇಕು. ಕಚೇರಿಗೆ ಹೋಗಿ ಕೇಳಿದರೆ "ಗ್ರಾಂಟ್ ಬಂದಿಲ್ಲ ಮೇಡಂ". ಬಂದ ಮೇಲೆ ಕೇಳಿದರೆ "ಬಿಲ್ ಮಾಡ್ತಾ ಇದೀವಿ". ಬಿಲ್ ಆದ ಮೇಲೆ "ಖಜಾನೇಲಿ ಆಬ್ಜೆಕ್ಷನ್". ಕಚೇರಿಯ ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ, ಅವರ ಕೈಯಲ್ಲಿ ಇರುವುದೂ ಅಷ್ಟೇ. ದೂರು ಇರುವುದು ವ್ಯವಸ್ಥೆಯ ಮೇಲೆ. ಕಾಯಂ ನೌಕರರ ಸಂಬಳಕ್ಕೆ ತಿಂಗಳ ಕೊನೆ ಅನ್ನುವುದೊಂದಿದೆ. ನಮ್ಮದಕ್ಕೆ ದಿನಾಂಕವೇ ಇಲ್ಲ.

ಒಂದು ಕೋಣೆ, ಮೂರು ತರಗತಿ

ಪರಶುರಾಂಪುರ ಹೋಬಳಿಯ ಕಡೆ ಒಂದು ಶಾಲೆ, ಊರ ಹೆಸರು ಬೇಡ. ಬೆಳಿಗ್ಗೆ ಮುಖ್ಯ ರಸ್ತೆಯವರೆಗೆ ಬಸ್ಸು, ಅಲ್ಲಿಂದ ಹಾಲಿನ ಗಾಡಿ ಸಿಕ್ಕರೆ ಅದು, ಸಿಗದಿದ್ದರೆ ನಡಿಗೆ. ಶಕ್ತಿ ಯೋಜನೆ ಬಂದ ಮೇಲೆ ಟೀಚರಮ್ಮನಿಗೆ ಬಸ್ ಚಾರ್ಜು ಉಳಿಯಿತಲ್ಲ ಎಂದು ಕೆಲವರು ಹೇಳುತ್ತಾರೆ. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು ಸ್ವಾಮಿ, ಅಲ್ಲಿ ಆಧಾರ್ ಕಾರ್ಡ್ ನಡೆಯಲ್ಲ.

ಶಾಲೆಯ ಬಾಗಿಲು ತೆರೆದರೆ ನಲಿ-ಕಲಿ ಕೋಣೆ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಚಪ್ಪರದ ದಾರಕ್ಕೆ ನೇತುಬಿದ್ದ ಚಿತ್ರಗಳು, ಕೆಳಗೆ ಗುಂಪುಗುಂಪಾಗಿ ಕೂರಬೇಕಾದ ಮಕ್ಕಳು. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಗೊತ್ತಿದ್ದರೆ ಮಾತ್ರ ಈ ಪದ್ಧತಿ ನಡೆಯುತ್ತದೆ. ಹೋದ ವರ್ಷದ ಟೀಚರಿಗೆ ಅದು ಗೊತ್ತಿತ್ತು, ಆದರೆ ಅವರನ್ನು ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ್ದಾಯಿತು. ಈ ವರ್ಷ ಬಂದವರಿಗೆ ನಲಿ-ಕಲಿ ತರಬೇತಿ ಆಗಿಲ್ಲ. ಪಕ್ಕದ ಶಾಲೆಯವರನ್ನು ಫೋನಿನಲ್ಲಿ ಕೇಳಿಕೊಂಡು ಕಾರ್ಡು ಹಂಚುತ್ತಾರೆ.

ಆ ಹೊತ್ತಿಗೆ ಒಂದು ಮಗು ಎದ್ದು "ಟೀಚರ್, ನೀಳ್ಳು ಕಾವಾಲ" ಅನ್ನುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಡಿ ಊರುಗಳಲ್ಲಿ ಇದು ದಿನದ ಸಂಗತಿ. ತಾಂಡಾದಲ್ಲಾದರೆ ಲಂಬಾಣಿ. ಆ ಮಗುವಿಗೆ ನೀಳ್ಳಿನಿಂದ ನೀರಿಗೆ ಬರಲು ವರ್ಷ ಬೇಕು, ಮತ್ತೆ ಆ ವರ್ಷವಿಡೀ ಅದೇ ಮುಖ ಎದುರಿಗಿರಬೇಕು. ಹೊಸ ಟೀಚರ್ ಬಂದ ಮೊದಲ ಹದಿನೈದು ದಿನ ಮಕ್ಕಳು ಬಾಯಿ ಬಿಡುವುದೇ ಇಲ್ಲ. ಬಾಯಿ ಬಿಟ್ಟು, ಸಲಿಗೆ ಬೆಳೆದು, ಮನೆಯ ವಿಷಯವೆಲ್ಲ ಹೇಳತೊಡಗುವಷ್ಟರಲ್ಲಿ ಅರ್ಧ ವರ್ಷ. ಶೇಂಗಾ ಬಿತ್ತೋ ಹದ ತಪ್ಪಿದರೆ ಆಮೇಲೆ ಎಷ್ಟು ಮಳೆ ಹೊಯ್ದರೂ ಏನಾಗುತ್ತದೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. 2025ರಲ್ಲಿ ಶಾಲೆ ಬಾಗಿಲು ತೆರೆದದ್ದು ಮೇ 29ಕ್ಕೆ. ಬಾಗಿಲು ತೆರೆದ ದಿನವೇ ಒಳಗೆ ಮೇಷ್ಟ್ರು ಇರುವಂತೆ ನೋಡಿಕೊಳ್ಳುವುದು ಅಷ್ಟು ದೊಡ್ಡ ಕೆಲಸವೇ?

ಬಿಸಿಯೂಟದ ಹೊತ್ತು ಬಂತು. ಹಾಲು, ಮೊಟ್ಟೆ, ಅಕ್ಕಿ ತೊಗರಿಯ ಲೆಕ್ಕ ಬರೆಯಬೇಕು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಷ್ಟೆಂದು ಬರೆಯಬೇಕು, ಮಕ್ಕಳ ವಿವರ ಇಲಾಖೆಯ ಸ್ಯಾಟ್ಸ್ ಜಾಲತಾಣಕ್ಕೆ ಏರಿಸಬೇಕು. ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ. ಹೆಡ್‌ಮಾಸ್ತರರು ಕ್ಲಸ್ಟರ್ ಸಭೆಗೆ ಹೋದ ದಿನ ಅಥವಾ ಮತದಾರರ ಪಟ್ಟಿಯ ಬಿಎಲ್‌ಒ ಕೆಲಸಕ್ಕೆ ಹೋದ ದಿನ ಇಡೀ ಶಾಲೆ ಗೆಸ್ಟ್ ಟೀಚರ್ ತಲೆ ಮೇಲೆ. ಅವತ್ತು ಮಗು ಬಿದ್ದು ಮೊಣಕಾಲು ಒಡಕೊಂಡರೆ ಊರವರು ಕೇಳುವುದು ಅವರನ್ನೇ. ಜವಾಬ್ದಾರಿ ಹಂಚುವಾಗ ನಾವು ಪೂರಾ ಶಿಕ್ಷಕರು. ಹಾಜರಿ ಪುಸ್ತಕದಲ್ಲಿ ಮಾತ್ರ ನಮ್ಮ ಹೆಸರು ಕೊನೆಯ ಸಾಲಿನಲ್ಲಿ.

ಜ್ವರ ಬಂದರೆ ಆ ದಿನದ ದುಡ್ಡು ಹೋಯಿತು. ಮದುವೆಯಾಗಿ ಬಸುರಿಯಾದರೆ ಕೆಲಸವೇ ಹೋಯಿತು. ದಿನಗೂಲಿ ಹೆಂಗಸರಿಗೂ ಹೆರಿಗೆ ಭತ್ಯೆ ಸಿಗಬೇಕೆಂದು ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್‌ರೋಲ್ ಕೆಲಸಗಾರ್ತಿಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 2000ನೇ ಇಸವಿಯಲ್ಲಿ. ಕಾಲು ಶತಮಾನ ಆಯಿತು. ನಮ್ಮಲ್ಲಿ ಏಳು ತಿಂಗಳು ತುಂಬಿದ ಟೀಚರ್ ಹೆಡ್‌ಮಾಸ್ತರರ ಮುಂದೆ ಕೈಜೋಡಿಸಿ "ನನ್ನ ಜಾಗಕ್ಕೆ ಬೇರೆಯವರನ್ನ ತಗೋಬೇಡಿ ಸಾರ್, ತಂಗೀನ ಕಳಿಸ್ತೀನಿ" ಅನ್ನುವ ಸ್ಥಿತಿ ಇದೆ. ಹೆಡ್‌ಮಾಸ್ತರರಾದರೂ ಏನು ಮಾಡಿಯಾರು.

ಇನ್ನೊಂದು ತಮಾಷೆ ಕೇಳಿ. ವರ್ಷದ ನಡುವೆ ವರ್ಗಾವಣೆ ಕೌನ್ಸೆಲಿಂಗ್ ಆಗುತ್ತದೆ. ನಮ್ಮ ಶಾಲೆಗೆ ಕಾಯಂ ಶಿಕ್ಷಕರು ಬರುತ್ತಾರೆ. ಬರಲೇಬೇಕು, ಅದೇ ನಮ್ಮ ಬೇಡಿಕೆಯೂ. ಆದರೆ ಅವರು ವರದಿ ಮಾಡಿಕೊಂಡ ದಿನವೇ "ನಾಳೆಯಿಂದ ಬರಬೇಡಿ" ಎಂಬ ಮಾತು ಬಾಯಲ್ಲೇ ಬರುತ್ತದೆ. ಒಂದು ಚೀಟಿ ಇಲ್ಲ, ಎಷ್ಟು ವರ್ಷ ಕೆಲಸ ಮಾಡಿದೆ ಎನ್ನುವ ಪತ್ರ ಇಲ್ಲ. ಹತ್ತು ಮೈಲಿ ಆಚೆ ಇನ್ನೊಂದು ಶಾಲೆಯಲ್ಲಿ ಅದೇ ವಿಷಯದ ಕುರ್ಚಿ ಖಾಲಿ ಬಿದ್ದಿರುತ್ತದೆ. ಅಲ್ಲಿಗೆ ಕಳಿಸೋಣ ಎಂದು ಯಾರಿಗೂ ಹೊಳೆಯುವುದಿಲ್ಲ.

ಕಾಯಂ ಶಿಕ್ಷಕರಿಗೂ ನಮಗೂ ಜಗಳ ಹಚ್ಚಲು ನೋಡುವವರಿದ್ದಾರೆ. ಅವರ ಮಾತಿಗೆ ಕಿವಿಗೊಡಬೇಡಿ. ಕಾಯಂ ಶಿಕ್ಷಕರ ಪಾಡೂ ಚೆನ್ನಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು. 2025ರ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಅವರನ್ನೇ ಮನೆಮನೆಗೆ ಕಳಿಸಿದರು, ದಸರಾ ರಜೆ ಅಕ್ಟೋಬರ್ 18ರವರೆಗೂ ಬೆಳೆಯಿತು. ಸಮೀಕ್ಷೆ ಬೇಡ ಎಂದು ನಾವು ಹೇಳುತ್ತಿಲ್ಲ. ಹಿಂದುಳಿದವರ ಲೆಕ್ಕ ಸಿಗಬೇಕಾದ ತಾಲ್ಲೂಕುಗಳೇ ನಮ್ಮವು. ಇನ್ನು 2027ರ ಜನಗಣತಿಗೂ ಶಿಕ್ಷಕರೇ ಹೋಗಬೇಕು. ಅವರು ಹೊರಗಿರುವಷ್ಟು ದಿನ ಶಾಲೆಯ ಒಳಗೆ ಯಾರು ಇರುತ್ತಾರೆ ಎಂದು ಒಮ್ಮೆ ಯೋಚಿಸಿ.

ಕಾನೂನು ಏನು ಹೇಳುತ್ತದೆ

ಬೇರೆ ದೇಶಗಳಲ್ಲೂ ಬದಲಿ ಶಿಕ್ಷಕರಿದ್ದಾರೆ. ಕಾಯಂ ಟೀಚರ್ ರಜೆ ಹಾಕಿದಾಗ ಬಂದು ಪಾಠ ಮಾಡಿ ಹೋಗುತ್ತಾರೆ. ಇಂಗ್ಲೆಂಡಿನಲ್ಲಿ ಏಜೆನ್ಸಿ ಮೂಲಕ ಬರುವ ಬದಲಿ ಶಿಕ್ಷಕರು ಒಂದೇ ಕಡೆ ಒಂದೇ ಕೆಲಸದಲ್ಲಿ 12 ವಾರ ದಾಟಿದರೆ ಕಾಯಂ ಶಿಕ್ಷಕರಷ್ಟೇ ಸಂಬಳ ಕೊಡಬೇಕೆಂಬ ನಿಯಮ 2011ರಿಂದ ಜಾರಿಯಲ್ಲಿದೆ. ನಮ್ಮಲ್ಲಿ ನಾವು ಯಾರೋ ರಜೆ ಹಾಕಿದ್ದಕ್ಕೆ ಬಂದವರಲ್ಲ. ಕುರ್ಚಿಯೇ ವರ್ಷಗಟ್ಟಲೆ ಖಾಲಿ. ರಾಜ್ಯದಲ್ಲಿ 2025-26ಕ್ಕೆ 50,000ಕ್ಕೂ ಹೆಚ್ಚು ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಸರ್ಕಾರವೇ ಅನುಮತಿ ಕೊಟ್ಟಿತು ಅಂದರೆ ಅಷ್ಟು ಕುರ್ಚಿ ಖಾಲಿ ಇದೆ ಎಂದು ಸರ್ಕಾರವೇ ಒಪ್ಪಿದಂತಾಯಿತು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 26ನೇ ಕಲಂ ಓದಿದರೆ, ಯಾವ ಶಾಲೆಯಲ್ಲೂ ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಬಾರದು. ನಿಮ್ಮೂರ ಶಾಲೆಯಲ್ಲಿ ಐದು ಹುದ್ದೆ ಇದ್ದು ಎರಡು ಖಾಲಿ ಇದ್ದರೆ ನೂರಕ್ಕೆ ನಲವತ್ತು. ಇಷ್ಟು ಲೆಕ್ಕ ನಿಮ್ಮ ನಾಲ್ಕನೇ ಕ್ಲಾಸಿನ ಮಗಳೂ ಮಾಡುತ್ತಾಳೆ, ಲೆಕ್ಕದ ಟೀಚರ್ ಇದ್ದರೆ.

ಕಾಯಂ ಮಾಡಿ ಎಂದು ಕೇಳಿದ ಕೂಡಲೇ ಕಚೇರಿಗಳಲ್ಲಿ ಒಂದು ಹೆಸರು ತೆಗೆಯುತ್ತಾರೆ: ಉಮಾದೇವಿ. ಅದು ನಮ್ಮ ಕರ್ನಾಟಕದ್ದೇ ಪ್ರಕರಣ, 2006ರ ಏಪ್ರಿಲ್ 10ರ ಸುಪ್ರೀಂ ಕೋರ್ಟ್ ತೀರ್ಪು. ನಿಯಮ ಮೀರಿ ಹಿಂಬಾಗಿಲಿಂದ ಸೇರಿದವರನ್ನು ಕಾಯಂ ಮಾಡಬೇಡಿ ಎಂದಿತು. ಆ ತೀರ್ಪಿನಲ್ಲಿ ನ್ಯಾಯವಿಲ್ಲ ಎಂದು ನಾವು ವಾದಿಸುವುದಿಲ್ಲ. ಆದರೆ ಅದೇ ಕೋರ್ಟು 2016ರ ಅಕ್ಟೋಬರಿನಲ್ಲಿ ಪಂಜಾಬಿನ ಜಗಜೀತ್ ಸಿಂಗ್ ಪ್ರಕರಣದಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನ ಎನ್ನುವುದು ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆ ಎಂದಿದೆ. 2024ರ ಡಿಸೆಂಬರಿನ ಜಗ್ಗೋ ಪ್ರಕರಣದಲ್ಲಿ, ವರ್ಷಾನುಗಟ್ಟಲೆ ದುಡಿಸಿಕೊಂಡವರಿಗೆ ನ್ಯಾಯ ತಪ್ಪಿಸಲು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳುವುದನ್ನು ಟೀಕಿಸಿದೆ. 2025ರ ಆಗಸ್ಟ್ 22ರಂದು ಗುಜರಾತಿನ ಗುತ್ತಿಗೆ ಅಧ್ಯಾಪಕರ ಪ್ರಕರಣದಲ್ಲಿ ನ್ಯಾಯಮೂರ್ತಿಗಳು ಸಭೆಗಳಲ್ಲಿ ಗುರುಬ್ರಹ್ಮ ಗುರುವಿಷ್ಣು ಎಂದು ಹೇಳಿದರಷ್ಟೇ ಸಾಲದು, ಅಧ್ಯಾಪಕರನ್ನು ನಡೆಸಿಕೊಳ್ಳುವ ರೀತಿಯಲ್ಲೂ ಅದು ಕಾಣಬೇಕು ಎಂಬ ಅರ್ಥದ ಮಾತು ಬರೆದರು. ಅದಾಗಿ ಎರಡು ವಾರಕ್ಕೆ ಸೆಪ್ಟೆಂಬರ್ 5 ಬಂತು. ಎಂದಿನಂತೆ ಹಾರ ತುರಾಯಿ ನಡೆಯಿತು.

ಹೋರಾಡಿದರೆ ಸಿಗುವುದಿಲ್ಲ ಎಂದು ಕೈಚೆಲ್ಲುವವರು ಪದವಿ ಕಾಲೇಜಿನವರನ್ನು ನೋಡಲಿ. 2023ರ ನವೆಂಬರಿನಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಹೊರಗೆ ಬಂದರು. ಕಾಯಮಾತಿ ಸಿಗಲಿಲ್ಲ, ಅದು ನಿಜ. ಆದರೆ ವರ್ಷ ಮುಗಿಯುವುದರೊಳಗೆ ಗೌರವಧನ ಏರಿಕೆ, ಆರೋಗ್ಯ ವಿಮೆ, 60 ವರ್ಷ ತುಂಬಿ ಹೊರಹೋಗುವಾಗ 5 ಲಕ್ಷ ರೂಪಾಯಿ ಇಡುಗಂಟು, ಮೂರು ತಿಂಗಳ ಹೆರಿಗೆ ರಜೆ, ಇಷ್ಟನ್ನು ಸರ್ಕಾರ ಘೋಷಿಸಬೇಕಾಯಿತು. ಕಾಲೇಜಿನ ಮೇಡಂಗೆ ಒಪ್ಪಿದ ಹೆರಿಗೆ ರಜೆ ಒಂದನೇ ಕ್ಲಾಸಿನ ಟೀಚರಮ್ಮನಿಗೆ ಯಾಕಿಲ್ಲ?

ಇದು ಮೇಷ್ಟ್ರುಗಳ ಸೀಮೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ನಿಜ ಹೇಳಿ ಎನ್ನುವುದರ ಜೊತೆಗೆ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂದೂ ಅಲ್ಲಿ ಕೊರೆದಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಸರ್ಕಾರಿ ಆದೇಶ ಅದು. ಅನುದಾನದ ಮಾತು ಅದರಲ್ಲೂ ಇಲ್ಲ ಬಿಡಿ.

ಚಳ್ಳಕೆರೆ ತಾಲ್ಲೂಕಿನ ತಳಕಿನಿಂದ ಹೋದ ಟಿ.ಎಸ್. ವೆಂಕಣ್ಣಯ್ಯನವರು ಕುವೆಂಪು ಅವರಿಗೆ ಮೇಷ್ಟ್ರು. ಶ್ರೀ ರಾಮಾಯಣ ದರ್ಶನಂ ಅರ್ಪಣೆಯಾಗಿರುವುದು ಅವರಿಗೇ. ಬೆಳಗೆರೆ ಕೃಷ್ಣಶಾಸ್ತ್ರಿಗಳನ್ನು ನಿಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ಕಂಡಿದ್ದೀರಿ. ಬದುಕಿಡೀ ಮೇಷ್ಟ್ರಾಗಿದ್ದು, ಸ್ವಂತ ಊರಿನಲ್ಲೇ ಶಾಲೆ ಕಟ್ಟಿದವರು. ಅವರಂಥವರು ಒಂದು ಊರಿನಲ್ಲಿ ನೆಲೆನಿಂತು, ಅಪ್ಪನಿಗೆ ಕಲಿಸಿ, ಮಗನಿಗೂ ಕಲಿಸಿದರು. ಹತ್ತು ತಿಂಗಳಿಗೆ ಗಂಟುಮೂಟೆ ಕಟ್ಟಿಸುವ ಏರ್ಪಾಟಿನಲ್ಲಿ ಅಂಥ ಮೇಷ್ಟ್ರು ಹುಟ್ಟುವುದಕ್ಕೆ ಜಾಗವೆಲ್ಲಿ?

ಅದೇ ಚಳ್ಳಕೆರೆಯ ಕಾವಲಿನಲ್ಲಿ ಈಗ ವಿಜ್ಞಾನ ನಗರವಿದೆ. ಇಸ್ರೋ, ಡಿಆರ್‌ಡಿಒ, ಬಾರ್ಕ್, ಐಐಎಸ್‌ಸಿ ನಾಲ್ಕೂ ಬಂದಿವೆ. 2024ರ ಜೂನ್ 23ರಂದು ಹೆಲಿಕಾಪ್ಟರಿನಿಂದ ಬಿಟ್ಟ ಇಸ್ರೋದ ಪುಷ್ಪಕ್ ವಾಹನ ತಾನೇ ದಾರಿ ಹುಡುಕಿಕೊಂಡು ಬಂದು ಇಲ್ಲಿನ ರನ್‌ವೇ ಮೇಲೆ ಇಳಿಯಿತು. ಅಮೃತಮಹಲ್ ಕಾವಲನ್ನು ಬಿಟ್ಟುಕೊಟ್ಟ ಊರುಗಳ ಹೈಸ್ಕೂಲಿನಲ್ಲಿ ಆ ದಿನದ ಸುದ್ದಿಯನ್ನು ಮಕ್ಕಳಿಗೆ ಬಿಡಿಸಿ ಹೇಳುವ ವಿಜ್ಞಾನ ಮೇಷ್ಟ್ರು ಇದ್ದರೇ ಎಂದು ಆಯಾ ಊರಿನವರೇ ಹೇಳಬೇಕು. ಕುದಾಪುರದ ಐಐಎಸ್‌ಸಿ ಆವರಣದಲ್ಲಿ ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ತರಬೇತಿ ಕೊಡುವ ಒಳ್ಳೆಯ ಕೇಂದ್ರವೇ ಇದೆ. ಸೈಕಲ್ ತುಳಿದರೂ ತಲುಪಬಹುದಾದ ದೂರದಲ್ಲಿರುವ ಅತಿಥಿ ಶಿಕ್ಷಕರನ್ನು ಅಲ್ಲಿಗೆ ಕಳಿಸಲು ಇಲಾಖೆ ಒಂದು ಆದೇಶ ಮಾಡಲಿ. ಖರ್ಚೇನೂ ಹೆಚ್ಚಿಲ್ಲ.

2023ರ ಎಸ್‌ಎಸ್‌ಎಲ್‌ಸಿಯಲ್ಲಿ ಚಿತ್ರದುರ್ಗ ಜಿಲ್ಲೆ ಶೇ 96.8 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲು ಬಂತು. ಪಟಾಕಿ ಹೊಡೆದೆವು. ಮರುವರ್ಷ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂತು, ಜಿಲ್ಲೆ ಪಟ್ಟಿಯಲ್ಲಿ ಎಲ್ಲಿಗೆ ಜಾರಿತು ಎಂದು ನಿಮಗೆ ಗೊತ್ತು. ಕ್ಯಾಮೆರಾ ಇರಲಿ. ಹತ್ತನೇ ಕ್ಲಾಸಿನ ಗೋಡೆ ಮೇಲೆ ಕಣ್ಣು ಇಟ್ಟವರು ಎಂಟನೇ ಕ್ಲಾಸಿನ ಖಾಲಿ ಕುರ್ಚಿಯನ್ನೂ ಒಮ್ಮೆ ನೋಡಲಿ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಈ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು. ಜಾತ್ರೆಯಲ್ಲಿ ತೇರಿನ ಹಗ್ಗ ಮುಟ್ಟುವ ನಮಗೆಲ್ಲ ಅವರ ಮಾತು ಗೊತ್ತು: ಮಾಡಿದಷ್ಟು ನೀಡು ಭಿಕ್ಷೆ. ನಾವು ಕೇಳುವುದು ಅಷ್ಟನ್ನೇ, ಮಾಡಿದಷ್ಟನ್ನೇ.

ಏನು ಕೇಳುತ್ತಿದ್ದೇವೆ

ಎಲ್ಲಕ್ಕಿಂತ ಮೊದಲು ಖಾಲಿ ಹುದ್ದೆ ತುಂಬಲಿ. ಕಾಯಂ ಶಿಕ್ಷಕರು ಬಂದು ನಮ್ಮ ಕೆಲಸ ಹೋದರೂ ಸರಿ, ಮಕ್ಕಳಿಗೆ ಮೇಷ್ಟ್ರು ಸಿಗಲಿ. ಹೀಗೆ ಹೇಳಲು ನಮ್ಮೊಳಗೇ ಎಲ್ಲರೂ ಒಪ್ಪಿರಲಿಲ್ಲ, ರಾತ್ರಿಯಿಡೀ ವಾದ ನಡೆಯಿತು. ಕೊನೆಗೆ ಉಳಿದದ್ದು ಇದೇ. ಆ ನೇಮಕಾತಿಯಲ್ಲಿ ನಾವು ಕಲಿಸಿದ ವರ್ಷಗಳಿಗೆ ಒಂದಿಷ್ಟು ಕೃಪಾಂಕ ಇರಲಿ, ವಯೋಮಿತಿ ದಾಟಿದವರಿಗೆ ಸಡಿಲಿಕೆ ಇರಲಿ. ಅದಕ್ಕೆ ಸೇವಾ ಪ್ರಮಾಣಪತ್ರ ಬೇಕು. ಪ್ರತಿ ಮಾರ್ಚ್‌ನಲ್ಲಿ ಶಾಲೆಯ ಮುದ್ರೆಯೊಂದಿಗೆ ಅದನ್ನು ಕೊಡಬೇಕು. ಒಂದು ಹಾಳೆ, ಒಂದು ಸಹಿ.

ಹುದ್ದೆ ತುಂಬುವವರೆಗೆ ಪ್ರತಿ ತಿಂಗಳ 5ನೇ ತಾರೀಖಿನೊಳಗೆ ದುಡ್ಡು ಖಾತೆಗೆ ಬರಲಿ. ಹನ್ನೆರಡು ತಿಂಗಳಿಗೂ ಬರಲಿ. ಹೋದ ವರ್ಷ ಇದ್ದವರೇ ಅದೇ ಶಾಲೆಯಲ್ಲಿ ಮುಂದುವರಿಯಲಿ, ಶಾಲೆ ತೆರೆಯುವ ದಿನವೇ ಕೈಯಲ್ಲಿ ಆದೇಶ ಇರಲಿ. ಕಾಯಂ ಶಿಕ್ಷಕರು ಬಂದರೆ ತಿಂಗಳ ಮುಂಚೆ ತಿಳಿಸಿ, ತಾಲ್ಲೂಕಿನಲ್ಲೇ ಇನ್ನೊಂದು ಖಾಲಿ ಜಾಗಕ್ಕೆ ಕಳಿಸಲಿ. ತಿಂಗಳಿಗೊಂದು ಸಂಬಳ ಸಹಿತ ರಜೆ, ಹೆರಿಗೆಗೆ ರಜೆ. ನಲಿ-ಕಲಿ ಕೋಣೆಗೆ ಕಳಿಸುವ ಮುಂಚೆ ನಲಿ-ಕಲಿ ತರಬೇತಿ.

ನೀವು ಏನು ಮಾಡಬೇಕು

ಧರಣಿಗೆ ಬನ್ನಿ ಎಂದು ಕರೆಯುತ್ತಿಲ್ಲ. ಶೇಂಗಾ ಬಿಡಿಸುವ ಕೆಲಸ ಬಿಟ್ಟು ತಾಲ್ಲೂಕು ಕಚೇರಿ ಮುಂದೆ ಕೂರುವುದು ಕಷ್ಟ ಎಂದು ಬಲ್ಲೆವು. ಊರಲ್ಲೇ ಇದ್ದು ಮಾಡಬಹುದಾದ ಕೆಲಸ ಹೇಳುತ್ತೇವೆ.

ನಿಮ್ಮ ಶಾಲೆಯ ಎಸ್‌ಡಿಎಂಸಿ ಸಭೆ ಕರೆಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಸಹಿಗೆ ಮಾತ್ರ ಗಂಡಂದಿರನ್ನು ಕಳಿಸುವ ಪದ್ಧತಿಯನ್ನು ಈ ಒಂದು ಸಲ ಬಿಡಿ, ತಾಯಂದಿರು ಖುದ್ದು ಬನ್ನಿ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಅತಿಥಿ ಶಿಕ್ಷಕರಿಗೆ ಯಾವ ತಿಂಗಳವರೆಗೆ ಗೌರವಧನ ಬಂದಿದೆ, ಇಷ್ಟನ್ನು ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಮೇಲಿನ ಬೇಡಿಕೆಗಳಿಗೆ ಠರಾವು ಮಾಡಿ, ಒಂದು ಪ್ರತಿ ಬಿಇಒ ಕಚೇರಿಗೆ ಕೊಡಿ, ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಕಾಗದ ಕೊಟ್ಟಂತಲ್ಲ. ನವೆಂಬರಿನಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಕೇಳಲಿ. ದೊಡ್ಡವರಿಗಿಂತ ನೇರ ಕೇಳುತ್ತಾರೆ.

ಶಾಸಕರಿಗೆ ಅರ್ಜಿ ಕೊಡುವಾಗ ಒಂದು ವಿಷಯ ನೆನಪಿರಲಿ. ನಾಯಕನಹಟ್ಟಿ, ತಳಕು ಹೋಬಳಿಯವರ ತಾಲ್ಲೂಕು ಚಳ್ಳಕೆರೆ, ವಿಧಾನಸಭಾ ಕ್ಷೇತ್ರ ಮೊಳಕಾಲ್ಮೂರು. ಆ ಊರುಗಳ ಶಾಲೆಯ ಕಾಗದ ಚಳ್ಳಕೆರೆ ಬಿಇಒಗೆ, ಮನವಿ ಮೊಳಕಾಲ್ಮೂರು ಶಾಸಕರಿಗೆ ಹೋಗಬೇಕು. ನಿಮ್ಮದು ಆ ಕ್ಷೇತ್ರ, ನಿಮ್ಮದು ಈ ತಾಲ್ಲೂಕು ಎಂದು ಎರಡೂ ಕಡೆ ಸಾಗಹಾಕಲು ಬಿಡಬೇಡಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. "ಸಾರ್ವಜನಿಕ ಮಾಹಿತಿ ಅಧಿಕಾರಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ" ಎಂದು ವಿಳಾಸ ಬರೆಯಿರಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಬಿಪಿಎಲ್ ಕಾರ್ಡಿನ ಜೆರಾಕ್ಸ್ ಲಗತ್ತಿಸಿದರೆ ಶುಲ್ಕವೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಮಾತು ಹೆಚ್ಚಾದರೆ ಅದೇ ನೆಪ ಮಾಡಿ ತಿರುಗಿಸುತ್ತಾರೆ. ಆದ್ದರಿಂದ ಇಷ್ಟೇ ಬರೆಯಿರಿ: "ಪ್ರಸಕ್ತ ಶೈಕ್ಷಣಿಕ ವರ್ಷದಲ್ಲಿ ಈ ತಾಲ್ಲೂಕಿನ ಅತಿಥಿ ಶಿಕ್ಷಕರ ಗೌರವಧನಕ್ಕೆ ಅನುದಾನ ಬಿಡುಗಡೆಯಾದ ದಿನಾಂಕಗಳು, ಪ್ರತಿ ಕಂತಿನ ಮೊತ್ತ, ಬಿಲ್ಲನ್ನು ಖಜಾನೆಗೆ ಸಲ್ಲಿಸಿದ ದಿನಾಂಕ ಮತ್ತು ಖಾತೆಗೆ ಜಮೆಯಾದ ದಿನಾಂಕದ ದೃಢೀಕೃತ ಪ್ರತಿ ಕೊಡಿ." ಖಾಲಿ ಹುದ್ದೆಯ ವಿಷಯಕ್ಕೆ ಬೇರೆ ಅರ್ಜಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮತ್ತೆ 30 ದಿನದೊಳಗೆ ಮೇಲ್ಮನವಿ, ಅದಕ್ಕೆ ಮೇಲಿನ ಅಧಿಕಾರಿ ಯಾರೆಂದು ಕಚೇರಿಯ ಬೋರ್ಡಿನ ಮೇಲೆ ಇರುತ್ತದೆ. ಅರ್ಜಿ ಬರೆಯಲು ಬಾರದಿದ್ದರೆ ನಿಮ್ಮ ಶಾಲೆಯ ಗೆಸ್ಟ್ ಟೀಚರ್ ಬರೆದುಕೊಡುತ್ತಾರೆ. ಸಹಿ ಮಾತ್ರ ನಿಮ್ಮದಿರಲಿ. ನಮ್ಮ ಸಹಿ ಇದ್ದರೆ ಬರುವ ಜೂನ್‌ನಲ್ಲಿ ನಮ್ಮ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ.

ಈ ಹಾಳೆಯನ್ನು ಓದಿದ ಮೇಲೆ ಪಕ್ಕದ ಮನೆಗೆ ಕೊಡಿ. ಓದಲು ಬಾರದವರಿಗೆ ಮಗುವಿನ ಕೈಯಲ್ಲಿ ಓದಿಸಿ.

ಇಂತಿ ನಿಮ್ಮ,
ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಅತಿಥಿ ಶಿಕ್ಷಕ ಶಿಕ್ಷಕಿಯರು